ಸತ್ತ ಕಲ್ಲಿನ ಪರ ವಕಾಲತ್ತು

ಕಳೆದ ದೀಪಾವಳಿ ಮುಗಿದು ವಾರವಾಗಿತ್ತು. ರಾತ್ರಿ ಹನ್ನೊಂದೂವರೆಗೆ ಗೋಕಾಕದಿಂದ ಅಕ್ಕನ ಮಗನ ಫೋನು. ಆ ಹೊತ್ತಿನಲ್ಲಿ ಊರಿಂದ ಫೋನ್ ಬಂದರೆ ನನ್ನ ವಯಸ್ಸಿನವರಿಗೆ ಮೊದಲು ಎದೆ ಧಸ್ ಅನ್ನುತ್ತೆ. ಹಾಗೇನೂ ಇರಲಿಲ್ಲ.

“ಮಾಮಾ, ಲೈವ್ ರಾಕ್ ಸಿಗಾಕತ್ತೈತಿ. ಇಪ್ಪತ್ತೈದ್ ಕೇಜಿ. ನಾಳೆ ಮುಂಜಾನೆ ಹತ್ತರೊಳಗ ಹೂಂ ಅನ್ನಬೇಕಂತ. ತಗೊಳ್ಲೇನು?”

“ಎಲ್ಲಿಂದ ಬರತೈತಿ?”

“ರಾಮೇಶ್ವರಂ ಕಡಿಂದ ಅಂತ. ಥರ್ಮಾಕೋಲ್ ಡಬ್ಬ್ಯಾಗ ಹಾಕಿ ಬಸ್ಸಿಗೆ ಏರಸ್ತಾರಂತ.”

“ಬಿಲ್ ಕೊಡ್ತಾರೇನ?”

“ಬಿಲ್ ಯಾಕ? ಫೋನ್‌ನ್ಯಾಗ ರೊಕ್ಕ ಹಾಕಿದ್ರ ಸಾಕಂದ.”

ಬ್ಯಾಡ ಅಂದೆ. ಯಾಕ ಅಂದ. ನಾಳೆ ಹೇಳ್ತೀನಿ ಮಲ್ಕೋ ಅಂದೆ. ನಾಳೆಯ ತನಕ ಕಾಯುವ ಪೈಕಿಯಲ್ಲ ಅವನು. ಒಂದು ಗಂಟೆಯವರೆಗೂ ಜಗಳವಾಡಿದೆವು. ಆಮೇಲೂ ಒಂದು ತಿಂಗಳು ಬಿಟ್ಟೂ ಬಿಟ್ಟೂ ಆಡಿದೆವು. ಅವನು ಕೇಳಿದ್ದೆಲ್ಲ ಬುದ್ಧಿವಂತ ಪ್ರಶ್ನೆಗಳೇ. ಬೆಂಗಳೂರು, ಪುಣೆ, ಹುಬ್ಬಳ್ಳಿಯ ಫ್ಲ್ಯಾಟುಗಳಲ್ಲಿ ಕೂತು ಗಾಜಿನ ಡಬ್ಬಿಯೊಳಗೆ ಸಮುದ್ರ ಕಟ್ಟಬೇಕು ಅಂತ ಹೊರಟಿರುವ ಎಷ್ಟೋ ಮಂದಿ ಕೇಳುವಂಥವು. ಹಾಗಾಗಿ ಉತ್ತರವನ್ನು ಒಂದು ಕಡೆ ಬರೆದಿಡೋಣ ಅನ್ನಿಸಿತು.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ಲೈವ್ ರಾಕ್ ಅಂದರೆ ಉಸಿರಾಡುವ ಕಲ್ಲಲ್ಲ. ಹವಳದ ಹುಳುಗಳು ಕಟ್ಟಿದ ಸುಣ್ಣದ ಎಲುಬು, ಒಡೆದು ಸಮುದ್ರದ ತಳಕ್ಕೆ ಬಿದ್ದು, ವರ್ಷಗಟ್ಟಲೆ ನೀರಲ್ಲಿ ಕೂತು, ಮೈತುಂಬ ಬ್ಯಾಕ್ಟೀರಿಯಾ, ನೇರಳೆ ಬಣ್ಣದ ಸುಣ್ಣಪಾಚಿ, ಸ್ಪಂಜು, ಸಣ್ಣಪುಟ್ಟ ಹುಳು, ಸಿಗಡಿಯ ಮರಿಗಳನ್ನೆಲ್ಲ ಸಾಕಿಕೊಂಡಿರುತ್ತದೆ. ಅದನ್ನು ಒದ್ದೆಯಾಗಿಯೇ ಎತ್ತಿ ತಂದು ಮಾರಿದರೆ ಲೈವ್ ರಾಕ್. ಜೀವ ಏನೂ ಇಲ್ಲದ ಒಣಗಿದ ಕಲ್ಲನ್ನು ತಂದು, ನಮ್ಮ ಟ್ಯಾಂಕಿನಲ್ಲೇ ಅದಕ್ಕೆ ಜೀವ ಹತ್ತಿಸಿಕೊಂಡರೆ ಅದು ಡ್ರೈ ರಾಕ್. ಎರಡರ ಕೆಲಸ ಒಂದೇ. ಮೀನಿನ ಹೇಲು, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಅದು ವಿಷ. ಕಲ್ಲಿನ ಮೇಲಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೇಟ್ ಮಾಡುತ್ತದೆ. ಕಲ್ಲಿನ ಆಳದ ತೂತುಗಳಲ್ಲಿ, ಆಮ್ಲಜನಕ ಮುಟ್ಟದ ಜಾಗದಲ್ಲಿ, ಮತ್ತೊಂದು ಬಗೆಯದು ಆ ನೈಟ್ರೇಟನ್ನೂ ಮುರಿದು ಸಾರಜನಕ ಅನಿಲವಾಗಿ ಗಾಳಿಗೆ ಬಿಡುತ್ತದೆ. ಕರದಂಟಿನ ತುಂಡಿನ ಹಾಗೆ ಸಂದುಗೊಂದು, ತೂತು ಇರುವ ಕಲ್ಲು ಬೇಕು ಅನ್ನುವುದು ಅದಕ್ಕೇ.

ಲೈವ್ ರಾಕಿನ ಕೀರ್ತಿ ಪುಕ್ಕಟೆ ಬಂದದ್ದಲ್ಲ, ಅದನ್ನೂ ಒಪ್ಪಬೇಕು. 1961ರಲ್ಲಿ ಇಂಡೋನೇಷ್ಯಾದ ಲೀ ಚಿನ್ ಎಂಗ್ ಎಂಬಾತ ತನ್ನ ‘ನೈಸರ್ಗಿಕ ವಿಧಾನ’ದ ಬಗ್ಗೆ ಅಮೆರಿಕದ ಮೀನುಹವ್ಯಾಸಿ ಪತ್ರಿಕೆಯಲ್ಲಿ ಬರೆದ. ಸಮುದ್ರದ ನೀರು, ಸಮುದ್ರದ ಕಲ್ಲು, ಗಾಳಿಯ ಗುಳ್ಳೆ, ಬಿಸಿಲು, ಅಷ್ಟೇ. ಆಮೇಲೆ ಜರ್ಮನಿಯವರು ಕಲ್ಲಿನ ಜತೆ ಸ್ಕಿಮ್ಮರ್ ಮತ್ತು ಬಲವಾದ ದೀಪ ಸೇರಿಸಿ ‘ಬರ್ಲಿನ್ ಪದ್ಧತಿ’ ಮಾಡಿದರು. ಅದಕ್ಕೂ ಮೊದಲು ಮನೆಯ ಟ್ಯಾಂಕಿನಲ್ಲಿ ಹವಳ ಬದುಕಿಸುವುದು ಬಹುಮಟ್ಟಿಗೆ ಕನಸು. ಇವತ್ತು ಜಗತ್ತಿನಲ್ಲಿ ಲಕ್ಷಾಂತರ ಮನೆಯಲ್ಲಿ ರೀಫ್ ಟ್ಯಾಂಕ್ ಇದ್ದರೆ ಆ ಕಲ್ಲಿನ ಋಣ ಅದರ ಮೇಲಿದೆ. ಲೀ ಚಿನ್ ಎಂಗ್‌ನ ಮನೆ ಪಕ್ಕದಲ್ಲೇ ಸಮುದ್ರವಿತ್ತು, ನೆನಪಿರಲಿ. ಗೋಕಾಕದಲ್ಲಿ ಇರುವುದು ಘಟಪ್ರಭಾ.

ಈಗ ನನ್ನ ತಪ್ಪು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಅಳಿಯನೇ ಹೇಳುತ್ತಾನೆ, ಅವನಿಗೆ ಗೊತ್ತು.

2011ರಲ್ಲಿ ಬಿಟಿಎಂ ಲೇಔಟಿನ ಬಾಡಿಗೆ ಮನೆಯಲ್ಲಿ ನಾನೂ ಒಂದು ರೀಫ್ ಟ್ಯಾಂಕ್ ಇಟ್ಟಿದ್ದೆ. ಹನ್ನೆರಡು ಕೇಜಿ ಲೈವ್ ರಾಕ್ ಕೊಂಡೆ. ಕೊಟ್ಟವನು ಯಾರು, ಎಲ್ಲಿಂದ ತಂದ, ಕಾಗದಪತ್ರ ಏನು, ಒಂದೂ ಕೇಳಲಿಲ್ಲ. ಒದ್ದೆ ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದ. ರಾತ್ರಿಯಿಡೀ ಪ್ರಯಾಣ ಮಾಡಿದ ಕಲ್ಲಿನಲ್ಲಿ ಅರ್ಧ ಜೀವಿಗಳು ದಾರಿಯಲ್ಲೇ ಸತ್ತಿರುತ್ತವೆ ಅನ್ನುವ ಸಾಮಾನ್ಯ ಜ್ಞಾನವೂ ಇರಲಿಲ್ಲ. ಮೂರನೇ ದಿನಕ್ಕೆ ಮನೆಯೆಲ್ಲ ಕೊಳೆತ ಮೀನಿನ ನಾತ. ಓನರ್ ಆಂಟಿ ಮಹಡಿ ಹತ್ತಿ ಬಂದು, “ಏನ್ ಮಾಡ್ತಾ ಇದ್ದೀಯಪ್ಪಾ ಒಳಗೆ?” ಅಂದರು. ಅಮೋನಿಯಾ ಟೆಸ್ಟಿನ ಗಾಜಿನ ನಳಿಕೆ ಕಡು ಹಸಿರಾಗಿತ್ತು. ಒಳಗಿದ್ದ ಎರಡು ಮೀನು ಹೋದವು. ಒಂದು ತಿಂಗಳಾದ ಮೇಲೆ ಕಲ್ಲಿನಿಂದ ಐಪ್ಟೇಸಿಯಾ ಎದ್ದಿತು. ಇದು ಒಂಥರಾ ಕಂದು ಹೂವಿನಂಥ ಪ್ರಾಣಿ, ಕಿತ್ತಷ್ಟೂ ಹತ್ತಾಗುತ್ತದೆ, ಪಕ್ಕದಲ್ಲಿದ್ದದ್ದನ್ನೆಲ್ಲ ಕುಟುಕುತ್ತದೆ. ರಾತ್ರಿ ಟ್ಯಾಂಕಿನೊಳಗಿಂದ ಟಕ್ ಟಕ್ ಸದ್ದು ಬೇರೆ. ಮ್ಯಾಂಟಿಸ್ ಸಿಗಡಿ ಇರಬೇಕು ಅಂತ ಆಮೇಲೆ ತಿಳಿಯಿತು, ಕಣ್ಣಿಗೆ ಮಾತ್ರ ಬೀಳಲೇ ಇಲ್ಲ.

ಇಷ್ಟೇ ಆಗಿದ್ದರೆ ತಮಾಷೆಯ ಕತೆ. ಮೂರು ವರ್ಷ ಬಿಟ್ಟು ಆಫೀಸಿನವರ ಜತೆ ಮುರ್ಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿಗೆ ಡೈವಿಂಗಿಗೆ ಹೋದೆ. ಬಂಡೆಯ ಮೇಲೆ ಗುಂಡಗೆ ಕೂತ ಹವಳವೊಂದನ್ನು ಹತ್ತಿರದಿಂದ ನೋಡಿದೆ. ಮೈಮೇಲೆಲ್ಲ ಒತ್ತೊತ್ತಾಗಿ ನಕ್ಷತ್ರದ ಗುರುತು. ಒಂದೊಂದು ನಕ್ಷತ್ರದೊಳಗೆ ಒಂದೊಂದು ಜೀವ. ಆ ಗುರುತು ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ಟ್ಯಾಂಕಿನ ಎಡಮೂಲೆಯ ದೊಡ್ಡ ಕಲ್ಲಿನ ಹಿಂಬದಿಯಲ್ಲಿ, ಪಾಚಿ ತಿಕ್ಕುವಾಗೆಲ್ಲ ಬೆರಳಿಗೆ ಸಿಗುತ್ತಿದ್ದದ್ದು ಅದೇ ನಕ್ಷತ್ರ. ಅಂಚು ಇನ್ನೂ ಚೂಪಾಗಿತ್ತು. ಹಳೆಯ ಕಲ್ಲಾಗಿದ್ದರೆ ಸವೆದಿರಬೇಕಿತ್ತು. ಯಾರೋ ಅದನ್ನು ಬಿದ್ದಲ್ಲಿಂದ ಆರಿಸಿರಲಿಲ್ಲ, ಸಲಾಕೆ ಹಾಕಿ ಎಬ್ಬಿಸಿದ್ದರು.

“ಆದ್ರ ಮಾಮಾ, ಅದು ಹೆಂಗೂ ಸತ್ತದ್ದ ಐತೆಲ್ಲ?” ಇದು ಅಳಿಯನ ಮೊದಲ ವಾದ, ಎಲ್ಲರದೂ ಮೊದಲ ವಾದ. ಸಮುದ್ರ ಬಿಸಿಯಾಗಿ ಹವಳ ಬಿಳಿಚಿ ಸಾಯುತ್ತಿದೆ, 1998ರಲ್ಲಿ ಆಯಿತು, 2010ರಲ್ಲಿ ಆಯಿತು, 2016ರಲ್ಲಿ ಆಯಿತು, 2024ರಲ್ಲಿ ಲಕ್ಷದ್ವೀಪ ಮತ್ತೆ ಬಿಳಿಚಿತು. ಸತ್ತ ಎಲುಬು ರಾಶಿ ರಾಶಿ ಬಿದ್ದಿದೆ. ಅದರಲ್ಲಿ ಇಪ್ಪತ್ತೈದು ಕೇಜಿ ತಂದರೆ ಯಾರ ಗಂಟು ಹೋಯಿತು?

ಈ ವಾದ ಕೇಳಲು ಎಷ್ಟು ಚೆನ್ನಾಗಿದೆಯೋ ಅಷ್ಟೇ ತಪ್ಪಾಗಿದೆ. ಬಿಳಿಚಿ ಸತ್ತ ದಿಬ್ಬ ಮತ್ತೆ ಹೇಗೆ ಚಿಗುರುತ್ತದೆ? ಉಳಿದ ಹವಳಗಳು ಮೊಟ್ಟೆ ಬಿಡುತ್ತವೆ. ಅದರಿಂದಾದ ಅಕ್ಕಿಕಾಳಿಗಿಂತ ಚಿಕ್ಕ ಮರಿ ನೀರಲ್ಲಿ ತೇಲಿಕೊಂಡು ಕೂರಲು ಜಾಗ ಹುಡುಕುತ್ತದೆ. ಉಸುಕಿನ ಮೇಲೆ ಅದು ಕೂರಲಾರದು. ಅದಕ್ಕೆ ಅಲ್ಲಾಡದ ಗಟ್ಟಿ ನೆಲ ಬೇಕು, ಆ ನೆಲದ ಮೇಲೆ ಮೊದಲೇ ನೇರಳೆ ಸುಣ್ಣಪಾಚಿ ಹತ್ತಿದ್ದರೆ ಇನ್ನೂ ಒಳ್ಳೆಯದು. ಆ ಪಾಚಿಯ ವಾಸನೆಯೇ ಎಷ್ಟೋ ಜಾತಿಯ ಮರಿಗೆ ‘ಇಲ್ಲಿ ಕೂತ್ಕೋ’ ಅನ್ನುವ ಸೂಚನೆ. ಒಡೆದ ಚೂರುಗಳನ್ನು ಒಂದಕ್ಕೊಂದು ಬೆಸೆದು ದಿಬ್ಬವನ್ನು ಗಟ್ಟಿ ಹಿಡಿಯುವುದೂ ಅದೇ ಪಾಚಿ. ಈಗ ವ್ಯಾಪಾರಿ ಏನನ್ನು ಆರಿಸುತ್ತಾನೆ ನೋಡಿ. ಬೂದು ಬಣ್ಣದ ಬೋಳು ಚೂರನ್ನಲ್ಲ. ಮೈತುಂಬ ನೇರಳೆ ಹತ್ತಿದ, ತೂತು ಹೆಚ್ಚಿರುವ, ಆಕಾರ ಚೆನ್ನಾಗಿರುವ ಕಲ್ಲನ್ನೇ. ಅದಕ್ಕೇ ಜಾಸ್ತಿ ರೇಟು. ಅಂದರೆ ದಿಬ್ಬ ಚೇತರಿಸಿಕೊಳ್ಳಲು ಯಾವುದು ಎಲ್ಲಕ್ಕಿಂತ ಹೆಚ್ಚು ಬೇಕೋ ಅದನ್ನೇ ಹುಡುಕಿ ಹುಡುಕಿ ಎತ್ತುತ್ತಾನೆ. ಮನೆ ಸುಟ್ಟವನ ಅಂಗಳದಲ್ಲಿ ಉಳಿದ ತೊಲೆಯನ್ನು ‘ಹೆಂಗೂ ಬಿದ್ದದ್ದು’ ಅಂತ ಹೊತ್ತುಕೊಂಡು ಹೋದ ಹಾಗೆ.

ಮನ್ನಾರ್ ಕೊಲ್ಲಿಯ ಕತೆ ಅಳಿಯನಿಗೆ ಗೊತ್ತಿರಲಿಲ್ಲ. ರಾಮೇಶ್ವರದಿಂದ ತೂತ್ತುಕುಡಿಯವರೆಗೆ ಸಾಲಾಗಿ 21 ಪುಟ್ಟ ದ್ವೀಪಗಳು ಅಂತ ಲೆಕ್ಕ. ದಶಕಗಟ್ಟಲೆ ಅಲ್ಲಿಯ ಹವಳವನ್ನು ಸುಣ್ಣಕ್ಕೆ, ಕಟ್ಟಡಕ್ಕೆ ದೋಣಿ ದೋಣಿ ಕಿತ್ತು ತಂದರು. ಅಲೆ ತಡೆಯುವ ಗೋಡೆ ಹೋದ ಮೇಲೆ ವಿಲಾಂಗುಚಲ್ಲಿ, ಪೂವರಸನ್‌ಪಟ್ಟಿ ಎಂಬ ಎರಡು ದ್ವೀಪ ನೀರಿನೊಳಗೆ ಮುಳುಗಿಹೋದವು. ಅದನ್ನು ಅಕ್ವೇರಿಯಂನವರು ಮುಳುಗಿಸಲಿಲ್ಲ, ಸುಳ್ಳು ಹೇಳಬಾರದು. ಆದರೆ ಹವಳ ಕಿತ್ತರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಪ್ರಯೋಗ ಬೇಕಿಲ್ಲ. ಆಮೇಲೂ ‘ನಂದು ಬರೇ ಇಪ್ಪತ್ತೈದ್ ಕೇಜಿ’ ಅನ್ನುವುದಾದರೆ, ಆ ಕಡೆ ದೋಣಿಯವನೂ ಅಷ್ಟೇ ಹೇಳುತ್ತಿದ್ದ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ, ಅದರಲ್ಲಿ ವಾದಕ್ಕೆ ಜಾಗವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ, ಅಂದರೆ ಹುಲಿ ಆನೆ ಇರುವ ಪಟ್ಟಿಗೆ, 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳನ್ನೂ ಸೇರಿಸಿದ್ದಾರೆ. ಕಡಲಿಂದ ಎತ್ತುವುದು, ಮಾರುವುದು, ಕೊಳ್ಳುವುದು ಅಪರಾಧ. ಶಿಕ್ಷೆ ಮೂರರಿಂದ ಏಳು ವರ್ಷ, ಮೇಲೆ ದಂಡ. ಸತ್ತ ಹವಳವನ್ನೂ ಜಪ್ತಿ ಮಾಡುತ್ತಾರೆ. ಅಂತರರಾಷ್ಟ್ರೀಯ ವ್ಯಾಪಾರದ ಸೈಟಿಸ್ ಒಪ್ಪಂದವೂ ಲೈವ್ ರಾಕನ್ನು ಕಲ್ಲು ಅಂತ ನೋಡುವುದಿಲ್ಲ, ಹವಳ ಅಂತಲೇ ನೋಡುತ್ತದೆ. ತಿಂಗಳಿಗೆ ಲಕ್ಷ ಎಣಿಸುವ ಹುಡುಗರು, ಆಫೀಸಿನಲ್ಲಿ ಓಪನ್ ಸೋರ್ಸ್ ಲೈಸೆನ್ಸಿನ ಒಂದೊಂದು ಸಾಲು ಓದಿ ವಕೀಲರನ್ನು ಕೇಳಿ ಕೋಡ್ ಹಾಕುವವರು, ಮನೆಗೆ ಬಂದು ಬಿಲ್ಲಿಲ್ಲದ ಥರ್ಮಾಕೋಲ್ ಡಬ್ಬಿಗೆ ಸಹಿ ಹಾಕುತ್ತಾರೆ. ನಾನೂ ಹಾಕಿದ್ದೆ ಅಂತ ಮೇಲೇ ಹೇಳಿದ್ದೇನೆ.

ಎರಡನೇ ವಾದ ಗಟ್ಟಿಯದು. ಅದನ್ನು ಹಾರಿಸಿ ಹೋಗುವ ಡ್ರೈ ರಾಕ್ ಭಕ್ತರನ್ನು ಕಂಡರೆ ನನಗೂ ಆಗುವುದಿಲ್ಲ. ಒಣಕಲ್ಲಿನಿಂದ ಶುರುಮಾಡಿದ ಟ್ಯಾಂಕು ಮೊದಲ ಆರು ತಿಂಗಳು, ಕೆಲವೊಮ್ಮೆ ವರ್ಷ, ನೋಡಲಾಗದಷ್ಟು ಕೆಟ್ಟದಾಗಿರುತ್ತದೆ. ಮೊದಲು ಕಂದು ಪುಡಿ ಮೆತ್ತಿಕೊಳ್ಳುತ್ತದೆ, ಡಯಾಟಮ್. ಅದು ಹೋಯಿತು ಅನ್ನುವಷ್ಟರಲ್ಲಿ ಹಸಿರು ಕೂದಲ ಪಾಚಿ. ನಸೀಬು ಕೆಟ್ಟರೆ ಡೈನೋಫ್ಲ್ಯಾಜೆಲೇಟ್, ಮೂಗಿನ ಸಿಂಬಳದ ಹಾಗೆ ಎಳೆ ಎಳೆ, ಒಳಗೆ ಗುಳ್ಳೆ. ಅದರಲ್ಲಿ ಕೆಲವು ಜಾತಿ ಬಸವನಹುಳುವಿಗೆ ವಿಷ. ಎಷ್ಟೋ ಜನ ಈ ಹಂತದಲ್ಲೇ ಟ್ಯಾಂಕ್ ಮಾರಿ ಕೈ ತೊಳೆದುಕೊಳ್ಳುತ್ತಾರೆ. ಸಮುದ್ರದ ಕಲ್ಲಿನ ಮೇಲೆ ನೂರಾರು ಬಗೆಯ ಸೂಕ್ಷ್ಮಜೀವಿ ಜಾಗ ಹಿಡಿದು ಕೂತಿರುವುದರಿಂದ ಒಂದೇ ಬಗೆಯದು ಮೆರೆಯಲು ಆಗುವುದಿಲ್ಲ. ಬೋಳು ಕಲ್ಲು ಅಂದರೆ ಬೇಲಿಯಿಲ್ಲದ ಹೊಲ, ಮೊದಲು ಬಂದ ಕಳೆಯದ್ದೇ ರಾಜ್ಯ. ಬಾಟಲಿಯಲ್ಲಿ ಬರುವ ಬ್ಯಾಕ್ಟೀರಿಯಾ ಅಮೋನಿಯಾ ಕೆಲಸಕ್ಕೆ ಸಾಕು, ಆ ನೂರಾರು ಬಗೆಯನ್ನು ಅದು ತಂದುಕೊಡುವುದಿಲ್ಲ.

ಇಷ್ಟೆಲ್ಲ ನಿಜ. ಇದರ ಅರ್ಥ ಏನು? ಲೈವ್ ರಾಕ್ ಕೊಂಡವನು ಆರು ತಿಂಗಳು ಕೊಂಡುಕೊಂಡಿದ್ದಾನೆ. ಆ ಆರು ತಿಂಗಳು ಯಾರದು ಅನ್ನುವುದಷ್ಟೇ ನನ್ನ ತಕರಾರು. ಅಮೆರಿಕದ ಫ್ಲಾರಿಡಾದಲ್ಲಿ 1990ರ ದಶಕದಲ್ಲೇ ಕಾಡು ಲೈವ್ ರಾಕ್ ಎತ್ತುವುದನ್ನು ನಿಲ್ಲಿಸಿದರು. ಅಲ್ಲಿಯ ಜನ ಏನು ಮಾಡಿದರು ಗೊತ್ತೇ? ನೆಲದ ಮೇಲಿನ ಗಣಿಯಿಂದ ಸುಣ್ಣದಕಲ್ಲು ತೆಗೆದು, ಲೈಸೆನ್ಸು ಪಡೆದ ಕಡಲಿನ ತುಂಡಿನಲ್ಲಿ ಸುರಿದು, ವರ್ಷ ಎರಡು ವರ್ಷ ಬಿಟ್ಟು, ಜೀವ ಹತ್ತಿದ ಮೇಲೆ ಎತ್ತಿ ಮಾರಿದರು. ಅವರ ಲೈವ್ ರಾಕೂ ಹುಟ್ಟಾ ಡ್ರೈ ರಾಕೇ. ಕಾಯುವ ಕೆಲಸವನ್ನು ಯಾರಾದರೂ ಮಾಡಲೇಬೇಕಿತ್ತು, ಅವರು ಮಾಡಿದರು, ಅದಕ್ಕೆ ದುಡ್ಡು ತಗೊಂಡರು. ನಮ್ಮಲ್ಲಿ ಅಂಥ ಸಾಕಿದ ಕಲ್ಲು ಕಾಗದಪತ್ರದ ಸಮೇತ ಕೈಗೆ ಬಂದರೆ ಈ ಬರಹದ ಅರ್ಧ ವಾಪಸ್ ತಗೊಳ್ಳುತ್ತೇನೆ.

ಸೂಕ್ಷ್ಮಜೀವಿಗಳ ವೈವಿಧ್ಯಕ್ಕೆ ಬೇರೆ ದಾರಿಯಿದೆ. ವರ್ಷಗಳಿಂದ ಚೆನ್ನಾಗಿ ನಡೆಯುತ್ತಿರುವ ಗೆಳೆಯನ ಟ್ಯಾಂಕಿನಿಂದ ಅಂಗೈಯಗಲದ ಒಂದು ತುಂಡು, ಒಂದು ಹಿಡಿ ಉಸುಕು. ಹೆಪ್ಪು ಹಾಕಿದ ಹಾಗೆ, ಮೊಸರಿಗೆ ಹೆಪ್ಪು ಕೇಜಿಗಟ್ಟಲೆ ಬೇಡ. ಅವನ ಟ್ಯಾಂಕಿನ ಐಪ್ಟೇಸಿಯಾವೂ ಪುಕ್ಕಟೆ ಬರಬಹುದು, ನೋಡಿ ತಗೊಳ್ಳಿ.

ಇನ್ನೊಂದು ಎಚ್ಚರ, ಡ್ರೈ ರಾಕ್ ಪಕ್ಷದವರಿಗೆ. ಒಣಗಿದೆ ಅಂದ ಮಾತ್ರಕ್ಕೆ ಪಾಪ ಕಳೆದಿಲ್ಲ. ನಮ್ಮಲ್ಲಿ ‘ನ್ಯಾಚುರಲ್ ಡ್ರೈ ರೀಫ್ ರಾಕ್’ ಅಂತ ಬರುವ ಎಷ್ಟೋ ಕಲ್ಲು ಅದೇ ಕಡಲಿನ ಹವಳವೇ, ಬಿಸಿಲಿಗೆ ಹಾಕಿ ಬ್ಲೀಚಿನಲ್ಲಿ ಅದ್ದಿ ತೆಗೆದದ್ದು. ಹಿಂಬದಿ ತಿರುಗಿಸಿ ನೋಡಿ. ಚೂಪು ಅಂಚಿನ ನಕ್ಷತ್ರ ಕಂಡರೆ ಕೆಳಗಿಡಿ.

ಹಾಗಾದರೆ ಯಾವ ಕಲ್ಲು? ಇಲ್ಲಿಗೆ ಬಂದ ಮೇಲೆ ಅಳಿಯನಿಗೆ ಹುರುಪು ಬಂತು. “ನಮ್ಮೂರಾಗ ಕಲ್ಲಿಗೇನ್ ಬರ ಐತಿ ಮಾಮಾ?” ಅಂದ. ಒಂದು ಭಾನುವಾರ ನಾನು ಊರಲ್ಲಿದ್ದಾಗ ಬೈಕ್ ಹತ್ತಿ ಮೂರು ತಾಲೂಕು ಸುತ್ತಿದೆವು. ಕಿಸೆಯಲ್ಲಿ ಒಂದು ಸಣ್ಣ ಬಾಟಲಿ ಆ್ಯಸಿಡ್, ಬಾತ್‌ರೂಮಿಗೆ ಹಾಕುವಂಥದ್ದು. ಸುಣ್ಣದ ಕಲ್ಲಾದರೆ ಹನಿ ಬಿದ್ದ ಕೂಡಲೇ ಬುಸ್ ಅಂತ ನೊರೆ ಬರುತ್ತದೆ.

ಮೊದಲು ಗೋಕಾಕ ಫಾಲ್ಸ್. ಘಟಪ್ರಭಾ 52 ಮೀಟರ್ ಧುಮುಕುವ ಆ ಬಂಡೆ ಮರಳುಗಲ್ಲು. ಹನಿ ಹಾಕಿದರೆ ಸುಮ್ಮನೆ ಹರಿದು ಹೋಯಿತು. ನೀರಿಗೆ ಅದರಿಂದ ಕೇಡೂ ಇಲ್ಲ, ಲಾಭವೂ ಇಲ್ಲ. ಆದರೆ ಒತ್ತಾಗಿ ಬೆಸೆದ ಕಲ್ಲು, ಒಳಗೆ ತೂತಿಲ್ಲ, ಬಲು ಭಾರ. ಬ್ಯಾಕ್ಟೀರಿಯಾಕ್ಕೆ ಮೇಲ್ಮೈ ಬಿಟ್ಟರೆ ಮನೆಯಿಲ್ಲ. ಅಲ್ಲಿಂದ ಹುಕ್ಕೇರಿ ಕಡೆ, ಹಿಡಕಲ್ ಡ್ಯಾಮಿನ ದಾರಿ. ಆ ಭಾಗದಲ್ಲಿ ದಖ್ಖನ್ನಿನ ಕರಿಕಲ್ಲು, ಲಾವಾ ಹರಿದು ಆರಿದ್ದು. ಕೆಲವು ಕಡೆ ಲಾವಾದೊಳಗಿನ ಗಾಳಿಗುಳ್ಳೆ ಹಾಗೇ ಉಳಿದು ಜೇನುಹುಟ್ಟಿನಂತೆ ತೂತಾದ ಕಲ್ಲು ಸಿಗುತ್ತದೆ. ಅಳಿಯನ ಕಣ್ಣು ಅರಳಿತು. ಆದರೆ ಆ ತೂತು ಒಂದಕ್ಕೊಂದು ಕೂಡಿಲ್ಲ, ನೀರು ಒಳಗೆ ಓಡಾಡುವುದಿಲ್ಲ. ಕಬ್ಬಿಣದ ಅಂಶ ಬೇರೆ ಜಾಸ್ತಿ. ಸಿಹಿನೀರಿನ ಟ್ಯಾಂಕಿಗಾದರೆ ಕಣ್ಣು ಮುಚ್ಚಿ ಹಾಕುತ್ತಿದ್ದೆ, ಉಪ್ಪುನೀರಿಗೆ ಮನಸ್ಸು ಬರಲಿಲ್ಲ.

ಮೂರನೆಯದು ಯಾದವಾಡ. ಮೊನ್ನೆ ಮೊನ್ನೆಯವರೆಗೆ ಗೋಕಾಕ ತಾಲೂಕಿನಲ್ಲೇ ಇತ್ತು, ಈಗ ಮೂಡಲಗಿಗೆ ಸೇರಿದೆ. ಸಿಮೆಂಟ್ ಕಾರ್ಖಾನೆ ಅಲ್ಲಿಗೆ ಬಂದದ್ದೇ ಅಲ್ಲಿಯ ಸುಣ್ಣದಕಲ್ಲಿಗಾಗಿ. ರಸ್ತೆ ಪಕ್ಕದ ಒಂದು ಚೂರಿನ ಮೇಲೆ ಹನಿ ಹಾಕಿದ್ದೇ ತಡ, ಸೋಡಾ ಬಾಟಲಿ ಒಡೆದ ಹಾಗೆ ಬುಸ್ಸಂದಿತು. ಈ ಕಲ್ಲು ಭೂವಿಜ್ಞಾನಿಗಳು ಕಲಾದಗಿ ಅಂತ ಹೆಸರಿಟ್ಟ ಶಿಲಾಸಮೂಹಕ್ಕೆ ಸೇರಿದ್ದು, ನೂರು ಕೋಟಿ ವರ್ಷಕ್ಕಿಂತ ಹಳೆಯದು. ಆಗ ನಮ್ಮ ಸೀಮೆ ಆಳವಿಲ್ಲದ ಕಡಲು. ಹವಳ ಇನ್ನೂ ಹುಟ್ಟಿರಲಿಲ್ಲ, ಮೀನು ದೂರದ ಮಾತು. ಆದರೆ ಸೂಕ್ಷ್ಮಜೀವಿಗಳ ಚಾಪೆ ಆ ತಳದಲ್ಲಿ ಪದರ ಪದರವಾಗಿ ಸುಣ್ಣ ಕಟ್ಟುತ್ತಿತ್ತು. ಸ್ಟ್ರೊಮ್ಯಾಟೊಲೈಟ್ ಅನ್ನುತ್ತಾರೆ, ಕಲಾದಗಿ ಸುಣ್ಣದಕಲ್ಲಿನಲ್ಲಿ ಅವು ಸಿಕ್ಕಿವೆ. ಬಸ್ಸಿಗೆ ಏರಿಸಿ ತರಿಸಬೇಕು ಅಂತ ಅಳಿಯ ಹಟ ಹಿಡಿದಿದ್ದ ಲೈವ್ ರಾಕ್ ಒಂದಾನೊಂದು ಕಾಲಕ್ಕೆ ಅವನ ಮನೆಯಿಂದ ಬೈಕ್ ದೂರದಲ್ಲೇ ಇತ್ತು. ತಡವಾಗಿ ಹುಟ್ಟಿದ, ಅಷ್ಟೇ.

ಹಾಗಂತ ಆ ಕಲ್ಲನ್ನೇ ಟ್ಯಾಂಕಿಗೆ ಇಳಿಸಿ ಅನ್ನುವುದಿಲ್ಲ. ಒಂದು, ಅದೂ ಒತ್ತು ಕಲ್ಲು. ಎರಡು, ಸುಣ್ಣದಕಲ್ಲು ಹಾಕಿದರೆ ನೀರಿನ ಕ್ಯಾಲ್ಸಿಯಂ ತಾನೇ ಏರುತ್ತದೆ ಅನ್ನುವ ಮಾತು ಶುದ್ಧ ಸುಳ್ಳು. ರೀಫ್ ಟ್ಯಾಂಕಿನ ಪಿಎಚ್ 8.1ರಿಂದ 8.4. ಅಷ್ಟು ಕ್ಷಾರದ ನೀರಲ್ಲಿ ಸುಣ್ಣದಕಲ್ಲು ಕರಗುವುದಿಲ್ಲ. ಕರಗುತ್ತಿದ್ದರೆ ಹವಳದ ದಿಬ್ಬಗಳೇ ಉಳಿಯುತ್ತಿರಲಿಲ್ಲ.

ನಾವು ಮಾಡಿದ್ದು ಸಿಮೆಂಟಿನ ಕಲ್ಲು. ಹೊರದೇಶದ ಹವ್ಯಾಸಿಗಳು ಬಹಳ ವರ್ಷದಿಂದ ಮಾಡುತ್ತಿರುವುದೇ, ನಮ್ಮ ಶೋಧ ಏನಿಲ್ಲ. ಸಿಮೆಂಟ್ ಒಂದು ಪಾಲು, ಹಾರುಬೂದಿ ಬೆರೆಸಿದ ಪಿಪಿಸಿ ಬೇಡ, ಬರೇ ಓಪಿಸಿ. ಚಿಪ್ಪಿನ ಚೂರು ಎರಡು ಪಾಲು. ಇದು ಕೋಳಿ ಆಹಾರ ಮಾರುವ ಅಂಗಡಿಯಲ್ಲಿ ಚೀಲಗಟ್ಟಲೆ ಸಿಗುತ್ತದೆ, ಮೊಟ್ಟೆ ಕೋಳಿಗೆ ಹಾಕುತ್ತಾರೆ. ಹರಳುಪ್ಪು ಎರಡು ಪಾಲು. ನೀರು ಕಡಿಮೆ, ಉಂಡೆ ಹಿಡಿದರೆ ನಿಲ್ಲುವಷ್ಟು. ಒದ್ದೆ ಉಸುಕಿನಲ್ಲಿ ಗುಂಡಿ ತೋಡಿ ಅದರೊಳಗೆ ಸುರಿದು, ಅಲ್ಲಲ್ಲಿ ಕೈ ತೂರಿಸಿ ಗುಹೆ ಮಾಡಿ ಎರಡು ದಿನ ಬಿಟ್ಟೆವು. ಆಮೇಲೆ ನೀರಿನ ಡ್ರಮ್ಮಿಗೆ. ಒಳಗಿನ ಉಪ್ಪು ಕರಗಿ ಹೋಗಿ ಅದಿದ್ದ ಜಾಗ ತೂತಾಗುತ್ತದೆ. ಹಸಿ ಸಿಮೆಂಟಿನ ಕ್ಷಾರ ನೀರಿನ ಪಿಎಚ್ಚನ್ನು 11, 12ಕ್ಕೆ ಎತ್ತುತ್ತದೆ, ಆ ನೀರಿನಲ್ಲಿ ಮೀನು ಗಂಟೆ ಬದುಕುವುದಿಲ್ಲ. ಎರಡು ದಿನಕ್ಕೊಮ್ಮೆ ನೀರು ಬದಲಿಸುತ್ತ, ಪಿಎಚ್ 8.5ರ ಕೆಳಗೆ ನಿಲ್ಲುವವರೆಗೆ ಕಾಯಬೇಕು. ನಮಗೆ ಏಳು ವಾರ ಹಿಡಿಯಿತು. ಈ ಏಳು ವಾರ ಉಳಿಸುವ ಉಪಾಯ ಕೇಳಬೇಡಿ.

ಟ್ಯಾಂಕು ಮೂರು ಅಡಿ ಉದ್ದ, ಒಂದೂವರೆ ಅಗಲ, ಒಂದೂವರೆ ಎತ್ತರ. ಲೆಕ್ಕ ಹಾಕಿದರೆ 190 ಲೀಟರ್ ಸುಮಾರು. ಹಳೆಯ ಅಮೆರಿಕನ್ ಸೂತ್ರದ ಪ್ರಕಾರ ಲೀಟರಿಗೆ 120 ಗ್ರಾಂನಿಂದ 180 ಗ್ರಾಂ ಕಲ್ಲು. ಅವನಿಗೆ ವ್ಯಾಪಾರಿ ಹೇಳಿದ ಇಪ್ಪತ್ತೈದು ಕೇಜಿ ಹುಟ್ಟಿದ್ದು ಅಲ್ಲಿಂದಲೇ. ಸ್ಕಿಮ್ಮರ್ ಒಳ್ಳೆಯದಿದ್ದರೆ ಅರ್ಧ ಸಾಕು, ಮೀನಿಗೆ ಓಡಾಡಲೂ ಜಾಗ ಬೇಕಲ್ಲ. ನಾವು ಹದಿನಾಲ್ಕು ಕೇಜಿಗೆ ನಿಲ್ಲಿಸಿದೆವು.

ಕಲ್ಲು ಒಳಗೆ ಹೋದ ಮೇಲೆ ಬ್ಯಾಕ್ಟೀರಿಯಾಕ್ಕೆ ಊಟ ಕೊಡಬೇಕು, ಅಮೋನಿಯಾ. ಎಲ್ಲ ಗೈಡುಗಳಲ್ಲೂ ಒಂದು ಹಸಿ ಸಿಗಡಿ ಹಾಕಿ ಕೊಳೆಯಲು ಬಿಡಿ ಅಂತ ಬರೆದಿರುತ್ತಾರೆ. ಬರೆದವರು ನಮ್ಮಕ್ಕನ ಮನೆಗೆ ಬಂದಿಲ್ಲ. ಮೊಟ್ಟೆಯೂ ಒಳಗೆ ಬಾರದ ಮನೆ ಅದು, ಸಿಗಡಿ ಅಂದರೆ ಟ್ಯಾಂಕಿನ ಸಮೇತ ಅಳಿಯನೂ ಹೊರಗೆ. ಅದಕ್ಕೆ ನವಸಾಗರ. ಹೌದು, ಹಿಂದೆ ಕಲಾಯಿ ಹಾಕುವವರು ಹಿತ್ತಾಳೆ ಪಾತ್ರೆಗೆ ತಿಕ್ಕಿ ಬಿಳಿ ಹೊಗೆ ಎಬ್ಬಿಸುತ್ತಿದ್ದರಲ್ಲ, ಅದೇ ಅಮೋನಿಯಂ ಕ್ಲೋರೈಡ್. ಸಂತೆಯದ್ದರಲ್ಲಿ ಕಸ ಇರುತ್ತದೆ, ಕಾಲೇಜಿನ ಪ್ರಯೋಗಾಲಯಕ್ಕೆ ಸರಬರಾಜು ಮಾಡುವ ಅಂಗಡಿಯ ಶುದ್ಧವಾದದ್ದು ತನ್ನಿ. ನಮ್ಮ ಟ್ಯಾಂಕಿಗೆ ಒಂದೂಕಾಲು ಗ್ರಾಂ ಹಾಕಿದರೆ ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ. ಅಷ್ಟು ಹಾಕಿ, ಮರುದಿನಕ್ಕೆ ಅಮೋನಿಯಾವೂ ನೈಟ್ರೈಟೂ ಸೊನ್ನೆಗೆ ಬಂದರೆ ಕಲ್ಲು ಕೆಲಸ ಕಲಿತಿದೆ ಅಂತ ಅರ್ಥ. ನಾಲ್ಕರಿಂದ ಎಂಟು ವಾರ.

ಊರಿನ ಮಟ್ಟಿಗೆ ಇನ್ನೊಂದು ಮಾತು. ಬೇಸಗೆಯಲ್ಲಿ ಗೋಕಾಕದ ಬಿಸಿಲು ನಲವತ್ತು ಮುಟ್ಟುತ್ತದೆ, ಟ್ಯಾಂಕು 26ರ ಆಸುಪಾಸಿನಲ್ಲಿ ಇರಬೇಕು. ಮಧ್ಯಾಹ್ನ ಕರೆಂಟು ಹೋಗಿ ನಾಲ್ಕು ತಾಸು ಬಾರದಿದ್ದರೆ ಚಿಲ್ಲರ್ ನಿಂತು, ಪಂಪು ನಿಂತು, ಆಮ್ಲಜನಕ ಇಳಿಯುತ್ತದೆ. ಕಲ್ಲಿನಲ್ಲಿ ಜೀವ ಎಷ್ಟು ಹೆಚ್ಚೋ ಆಗ ಸಾಯುವುದು ಅಷ್ಟು ಹೆಚ್ಚು, ಕೊಳೆಯುವುದು ಅಷ್ಟು ಹೆಚ್ಚು. ಇನ್ವರ್ಟರಿಗೆ ಒಂದು ಪಂಪಾದರೂ ಸಿಕ್ಕಿಸದೆ ಯಾವ ಕಲ್ಲನ್ನೂ ಇಳಿಸಬೇಡಿ.

‘ಇಷ್ಟೆಲ್ಲ ಮಾತಾಡುವವರು ಸಮುದ್ರದ ಜೀವಿಗಳನ್ನು ಮನೆಯಲ್ಲಿ ಯಾಕೆ ಇಡಬೇಕು?’ ಅಂತ ಕೇಳುವವರೂ ಇದ್ದಾರೆ. ನನ್ನ ಹೆಂಡತಿಯೇ ಕೇಳಿದ್ದಾಳೆ. ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ. ಕ್ಲೌನ್ ಮೀನನ್ನು ಮೊಟ್ಟೆಯಿಂದ ಬೆಳೆಸುವ ವಿಧಾನವನ್ನು ನಮ್ಮದೇ ಸಿಎಂಎಫ್‌ಆರ್‌ಐನವರು ಸಿದ್ಧಮಾಡಿದ್ದಾರೆ, ಹಾಗೆ ಸಾಕಿದ ಮೀನು ಮಾತ್ರ ತರುವುದು ಅಂತ ಅಳಿಯನಿಂದ ಮಾತು ತಗೊಂಡಿದ್ದೇನೆ. ಗಟ್ಟಿ ಹವಳದ ಆಸೆಯನ್ನು ಅವನು ಇನ್ನೂ ಪೂರ್ತಿ ಬಿಟ್ಟಿಲ್ಲ. ಆ ಜಗಳ ಬಾಕಿಯಿದೆ.

ಸದ್ಯ ಟ್ಯಾಂಕಿನಲ್ಲಿ ಹದಿನಾಲ್ಕು ಕೇಜಿ ಸಿಮೆಂಟ್ ಕಲ್ಲು, ಹುಬ್ಬಳ್ಳಿಯ ಗೆಳೆಯ ಕೊಟ್ಟ ಅಂಗೈಯಗಲದ ಹೆಪ್ಪು, ಗಾಜಿನ ಮೇಲೆಲ್ಲ ಕಂದು ಪುಡಿ. ಮೀನು ಯುಗಾದಿಗೆ ಅಂತ ಗೊತ್ತುಮಾಡಿದ್ದೇವೆ. ಮೊನ್ನೆ ಅಕ್ಕ ಫೋನ್ ಮಾಡಿದ್ದಳು.

“ಏನ್ ಹುಚ್ಚ ಹಚ್ಚೀಯೋ ಹುಡುಗಗ? ಇಷ್ಟ್ ರೊಕ್ಕ ಸುರುವಿ, ನಾಕ್ ತಿಂಗಳಾತು, ಕಲ್ಲ ಸಾಕಾಕತ್ತಾನ. ಬಂದವ್ರೆಲ್ಲಾ ಮೀನ ಎಲ್ಲಿ ಅಂತ ಕೇಳ್ತಾರ.”

“ನೀ ಏನಂದಿ?”

“ಬಲಗಡೆ ಮೂಲ್ಯಾಗಿನ ಕಲ್ಲಿಗೆ ಒಂದ್ ಚುಕ್ಕಿ ನೇರಳೆ ಬಂದೈತಿ, ಅದನ್ನ ನೋಡ್ರಿ ಅಂದೆ. ನಿನ್ನೆ ಇಷ್ಟ ಇತ್ತು, ಇವತ್ತ ಒಂದೀಟ್ ದೊಡ್ಡದಾಗೈತಿ.”